ದಂಡ ಹಾಕಲು ಒಂದೇ ದೇಶ, ಹೆಸರು ಬದಲಿಸಲು ಎರಡು

ಹೊರ ರಾಜ್ಯದ ನಂಬರ್ ಪ್ಲೇಟ್ ಕಂಡರೆ ಸಾಕು, ತೆರಿಗೆಗಳ್ಳ ಸಿಕ್ಕಿಬಿದ್ದ ಎಂದು ಚಪ್ಪಾಳೆ ತಟ್ಟುವವರು ಬೆಂಗಳೂರಿನಲ್ಲಿ ಹೆಚ್ಚಾಗಿದ್ದಾರೆ. 2025ರಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದಕ್ಕೆ ಸಾರಿಗೆ ಇಲಾಖೆ ಕೋಟಿಗೂ ಮೀರಿ ತೆರಿಗೆ ಕಟ್ಟಿಸಿಕೊಂಡ ಮೇಲಂತೂ ಈ ಉತ್ಸಾಹಕ್ಕೆ ಲಂಗುಲಗಾಮಿಲ್ಲ. ಫೆರಾರಿಯವನು ಕಟ್ಟಲಿ, ಸಂತೋಷ. ತೀರಿಕೊಂಡವರ ಹೆಸರಲ್ಲೇ ಉಳಿದು ಅದೇ ಬಲೆಯಲ್ಲಿ ಒದ್ದಾಡುವ ಹಳೇ ವ್ಯಾಗನ್ ಆರ್‌ಗಳನ್ನು ಕೇಳುವವರು ಯಾರು?

‘ಸತ್ತವರ ಹೆಸರಿನ ಗಾಡಿ ಯಾಕೆ ಓಡಿಸುತ್ತೀರಿ, ನಿಯಮದಂತೆ ವರ್ಗಾಯಿಸಿಕೊಳ್ಳಿ’ ಎಂದು ಉಪದೇಶ ಮಾಡುವ ಮಹನೀಯರು ಆ ನಿಯಮವನ್ನು ಒಮ್ಮೆ ಪಾಲಿಸಿ ನೋಡಲಿ. ಪುಣೆಯಲ್ಲಿದ್ದ ನನ್ನ ಗೆಳೆಯ ತೀರಿಕೊಂಡ, ಅವನ ಹೆಂಡತಿ ‘ಕಾರು ನೀವೇ ಇಟ್ಟುಕೊಳ್ಳಿ ಅಣ್ಣಾ’ ಎಂದರು ಎಂದುಕೊಳ್ಳಿ. ಗೆಳೆತನ ಕಾನೂನಿಗೆ ಲೆಕ್ಕಕ್ಕಿಲ್ಲ. ಕಾರು ಮೊದಲು ವಾರಸುದಾರರ ಹೆಸರಿಗೆ ಹೋಗಬೇಕು: ಫಾರಂ 31, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಸಾವಿನ ಸುದ್ದಿಯನ್ನು 30 ದಿನದೊಳಗೆ ಆರ್‌ಟಿಒಗೆ ಮುಟ್ಟಿಸಿದರೆ ಮೂರು ತಿಂಗಳು ಓಡಿಸುವ ಕೃಪೆ ಉಂಟು. ವೈಕುಂಠ ಸಮಾರಾಧನೆ ಮುಗಿಸಿದವಳು ಕಣ್ಣೊರೆಸಿಕೊಂಡು ನೇರ ಕೌಂಟರ್ ಮುಂದೆ ನಿಲ್ಲಬೇಕು. ಆಮೇಲೆ ನನ್ನ ಹೆಸರಿಗೆ ಫಾರಂ 29, 30. ರಾಜ್ಯ ದಾಟಿಸಲು ಫಾರಂ 28ರ ಎನ್‌ಒಸಿ. ಅದಕ್ಕೆ ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. 21ನೇ ಶತಮಾನ ಸ್ವಾಮಿ ಇದು! ಇಲ್ಲಿಗೆ ಬಂದ ಮೇಲೆ ಹೊಸ ನಂಬರು, ಮತ್ತೆ ಜೀವಿತಾವಧಿ ತೆರಿಗೆ. ಅಲ್ಲಿ ಕಟ್ಟಿದ್ದನ್ನು ವಾಪಸು ಪಡೆಯಲು ಅಲ್ಲಿಗೇ ಅರ್ಜಿ ಹಿಡಿದು ಅಲೆಯಬೇಕು.

ಎನ್‌ಒಸಿ ಯಾಕೆ? ಗಾಡಿಯ ಜಾತಕ ಖಚಿತವಾಗಲಿ ಎಂದಂತೆ. ಆ ಜಾತಕ ‘ವಾಹನ್’ ಎಂಬ ಒಂದೇ ದತ್ತಾಂಶ ಕೋಶದಲ್ಲಿ ಇದೆಯಲ್ಲ? ಸಿಗ್ನಲ್ ಹಾರಿದರೆ ಇಲ್ಲಿನ ಕ್ಯಾಮೆರಾ ಮಹಾರಾಷ್ಟ್ರದ ಮಾಲೀಕನನ್ನು ತಾನಾಗಿ ಹುಡುಕುತ್ತದೆ. ಫಾಸ್ಟ್ಯಾಗ್‌ಗೆ ಯಾವ ಗಡಿಯೂ ಕಾಣುವುದಿಲ್ಲ. ದುಡ್ಡು ಕೀಳುವಾಗ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಕಂಪ್ಯೂಟರು. ಹೆಸರು ಬದಲಿಸು ಎಂದರೆ ಅದೇ ಕಂಪ್ಯೂಟರಿಗೆ ಪಕ್ಕದ ರಾಜ್ಯ ಪರದೇಶ.

ಬಿಎಚ್ ಸರಣಿ ಬಂತಲ್ಲ ಎನ್ನಬೇಡಿ. 2021ರಲ್ಲಿ ಬಂದ ಆ ಸೌಕರ್ಯ ಸರ್ಕಾರಿ ನೌಕರರಿಗೆ, ಕನಿಷ್ಠ ನಾಲ್ಕು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ಉದ್ಯೋಗಿಗಳಿಗೆ. ಪುಣೆಯಲ್ಲಿ ಉಡುಪಿ ಹೋಟೆಲ್ ನಡೆಸಿ ಸತ್ತವನಿಗಲ್ಲ. ಇನ್ನು ನಮ್ಮ ಕರ್ನಾಟಕದ ನಿಯತ್ತು ಗೊತ್ತಿಲ್ಲದ್ದೇನಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೊರ ರಾಜ್ಯದ ಗಾಡಿಗೆ 12 ತಿಂಗಳ ಕಾಲಾವಕಾಶ ಕೊಟ್ಟಿದ್ದರೂ, 2014ರಲ್ಲಿ ನಮ್ಮವರು 30 ದಿನ ದಾಟಿದರೆ ಪೂರ್ತಿ ತೆರಿಗೆ ಕಕ್ಕಿ ಎಂದರು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಕಿತ್ತುಹಾಕಬೇಕಾಯಿತು.

ಕಾರೊಂದೇ ಅಲ್ಲ, ಮನೆಯ ಖಾತೆ, ಕರೆಂಟ್ ಮೀಟರು, ಗ್ಯಾಸು, ಬ್ಯಾಂಕ್ ಲಾಕರು, ಎಲ್ಲ ಕಡೆಯೂ ಇದೇ ಹಾಡು. ಈ ದೇಶದಲ್ಲಿ ಸಾಯುವುದು ಸುಲಭ; ಸತ್ತಿದ್ದಾನೆ ಎಂದು ಐದು ಕಚೇರಿಗಳಲ್ಲಿ ಒಪ್ಪಿಸುವುದು ವಿಧವೆಯ ಪಾಲಿನ ಎರಡನೇ ಸೂತಕ.

ಇದರ ಫಲವೇನು? ಆರ್‌ಟಿಒ ಎದುರಿನ ಟೀ ಅಂಗಡಿಯಲ್ಲಿ ಕೂತ ಏಜೆಂಟ್ ತಣ್ಣಗೆ ಹೇಳುತ್ತಾನೆ: ‘ಸಾರ್, ಸತ್ತೋರು ಅಂತ ಯಾಕೆ ಹೇಳ್ತೀರಿ? ಹಳೇ ಡೇಟ್ ಹಾಕಿ ಅವರದ್ದೇ ಒಂದು ಸೈನ್ ಮಾಡಿಸೋಣ.’ ಸುಳ್ಳಿಗೆ ಒಂದು ಸಹಿ, ಸತ್ಯಕ್ಕೆ ಕಾಗದದ ಒಂದು ಕಟ್ಟು. ಪ್ರಾಮಾಣಿಕನನ್ನು ಫೋರ್ಜರಿಗೆ ತಳ್ಳಿ, ಆಮೇಲೆ ರಸ್ತೆಯಲ್ಲಿ ಅಡ್ಡಗಟ್ಟಿ ಕಾನೂನು ಬೋಧಿಸುವ ಈ ಇಲಾಖೆಗೆ ನಾಚಿಕೆ ಎಂಬುದಿದ್ದರೆ, ಮರಣ ನೋಂದಣಿಯನ್ನು ‘ವಾಹನ್’ ಜೊತೆ ಜೋಡಿಸಲಿ, ವಾರಸುದಾರರ ಒಂದು ಅರ್ಜಿಯಲ್ಲಿ ಎರಡೂ ವರ್ಗಾವಣೆ ಮುಗಿಸಲಿ, ಕಟ್ಟಿದ ತೆರಿಗೆಯನ್ನು ರಾಜ್ಯಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳಲಿ. ಅಲ್ಲಿಯವರೆಗೆ ಫೆರಾರಿ ಹಿಡಿದ ಫೋಟೊ ತೋರಿಸಿ ನಮಗೆ ನೀತಿಪಾಠ ಹೇಳುವುದು ಬೇಡ.