ಮಿರಗ ಕೂಡಿದಾಗ ನಾವೆಲ್ಲಿರುತ್ತೇವೆ?

ಊರಿಗೆ ಹೋದಾಗಲೆಲ್ಲ ಕಟ್ಟೆ ಮೇಲೆ ಕೂತ ಹಿರಿಯರು ಕೇಳುವುದು ಎರಡೇ ಪ್ರಶ್ನೆ. ‘ಯಾವಾಗ ಬಂದ್ಯೋ ತಮ್ಮಾ? ಮತ್ತ ಯಾವಾಗ ಹೋಗ್ತಿ?’ ಮೊದಲ ಪ್ರಶ್ನೆಗೆ ನಾವು ಊರಿನವರು, ಎರಡನೆಯದಕ್ಕೆ ನೆಂಟರು.

ಗ್ರಾಮೀಣ ಪತ್ರಿಕೋದ್ಯಮ ಓದಿ ಬೆಂಗಳೂರಿನ ಡೆಸ್ಕುಗಳಲ್ಲಿ ಕೂತಿರುವ ನಾವು ‘ಬರೆಯೋಕೆ ವಿಷಯಾನೇ ಸಿಗ್ತಿಲ್ಲ’ ಎಂದು ಗೊಣಗುತ್ತಿರುತ್ತೇವೆ. ವಿಷಯಕ್ಕೇನೂ ಬರ ಬಂದಿಲ್ಲ. ನಾವು ಊರಿನ ಲೆಕ್ಕ ಮರೆತಿದ್ದೇವೆ, ಅಷ್ಟೇ.

ಉತ್ತರ ಕರ್ನಾಟಕದ ನಮ್ಮ ಎರಿ ಹೊಲಗಳಲ್ಲಿ ಕಾಲ ಓಡುವುದು ಮಳೆ ನಕ್ಷತ್ರದ ಮೇಲೆ. ಹದಿಮೂರು, ಹದಿನಾಲ್ಕು ದಿನಕ್ಕೊಂದು ಮಳೆ. ಜೂನ್ ಮೊದಲ ವಾರ ಕಳೆದು ಮಿರಗ ಕೂಡಿದರೆ ಮುಂಗಾರಿ ಬಿತ್ತಿಗೆಯ ಗಡಿಬಿಡಿ. ಉತ್ತರಿ, ಹಸ್ತ ಬಂದರೆ ಹಿಂಗಾರಿ ಜೋಳ, ಕಡಲೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ. ಒಂದೊಂದು ಮಳೆಯ ಹಿಂದೆಯೂ ಬೀಜದ ಸಾಲ, ಎತ್ತಿನ ಬಾಡಿಗೆ, ಹೆಣ್ಣಾಳಿನ ಕೂಲಿ ಇದ್ದೇ ಇರುತ್ತದೆ. ಇದೆಲ್ಲ ನಮಗೆ ಗೊತ್ತು. ಬರೆದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಆ ಪಟ್ಟಿ ನಮ್ಮ ಕೈಗೂ ಬಂತು. ನಮ್ಮ ತಾಲ್ಲೂಕಿನ ಹೆಸರಿದೆಯಾ ಎಂದು ನೋಡಿದೆವು, ಇತ್ತು. ಕಾಗುಣಿತ ಸರಿಮಾಡಿ ಪುಟಕ್ಕೆ ಕಳಿಸಿದೆವು. ಮನೆಯಿಂದ ಫೋನಿನಲ್ಲಿ ಅವ್ವ ‘ಹಸ್ತಾನೂ ಹೋತು’ ಅಂದಾಗ ‘ಹೌದಾ’ ಅಂದೆವು. ಅದು ಸುದ್ದಿ ಅನ್ನಿಸಲೇ ಇಲ್ಲ.

ಆ ಸಲ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ, ಬರಗಾಲದಲ್ಲೂ ಚರಗ ಚೆಲ್ಲಿ, ರಾತ್ರಿ ಬಸ್ಸಿಗೆ ನಿಂತೆವು. ಅದೇ ಬಸ್ಸಿಗೆ ಪಕ್ಕದ ಓಣಿಯ ಮಂದಿ ಜೋಳದ ಹಿಟ್ಟಿನ ಚೀಲ, ಸ್ಟೋವು, ಮಕ್ಕಳನ್ನು ಕಟ್ಟಿಕೊಂಡು ಹತ್ತಿದರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ. ನಮ್ಮ ಬ್ಯಾಗಿನಲ್ಲಿದ್ದದ್ದೂ ಸಜ್ಜಿರೊಟ್ಟಿ, ಶೇಂಗಾ ಹಿಂಡಿಯೇ. ಹುಡುಕುತ್ತಿದ್ದ ಸುದ್ದಿ ಪಕ್ಕದ ಸೀಟಿನಲ್ಲಿ ಕೂತಿತ್ತು. ನಾವು ಇಯರ್‌ಫೋನ್ ಹಾಕಿಕೊಂಡು ಮಲಗಿದೆವು.

ಊರಿನವರ ಬಗ್ಗೆ ಬರೆಯುವುದು ಸಲೀಸಲ್ಲ, ಒಪ್ಪುತ್ತೇವೆ. ಕಾಕಾನ ಸಾಲದ ಲೆಕ್ಕ ಪೇಪರಿಗೆ ಬಂದರೆ ಕಾಕಾ ಮತ್ತೆ ಮಾತಾಡಿಸಲಿಕ್ಕಿಲ್ಲ. ಬಡ್ಡಿಗೆ ಕೊಟ್ಟವನೂ ನಮ್ಮ ಓಣಿಯವನೇ. ಗುರುತಿಲ್ಲದ ಊರಲ್ಲಿ ಧೈರ್ಯವಾಗಿ ಕೇಳುವ ಪ್ರಶ್ನೆ ನಮ್ಮೂರಲ್ಲಿ ಗಂಟಲಲ್ಲೇ ಉಳಿಯುತ್ತದೆ. ಹಾಗಂತ ನಾವೂ ಸುಮ್ಮನಾದರೆ ನಮ್ಮೂರು ಪಟ್ಟಿಯ ಒಂದು ಸಾಲಾಗಿಯೇ ಉಳಿಯುತ್ತದೆ. ಹಸ್ತ ಹೋಯಿತು ಅಂದರೆ ಆ ಮನೆಯಲ್ಲಿ ಏನೇನು ಹೋಯಿತು ಎಂದು ವಿವರಿಸಿ ಹೇಳಿಸಿಕೊಳ್ಳದೇ ತಿಳಿಯುವವರು ನಾವೇ. ಹೆಸರು ಬೇಡ ಅಂದರೆ ಬಿಡೋಣ, ಕೇಳಿ ಒಪ್ಪಿಸಿ ಬರೆಯೋಣ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳೋಣ.

ಹಾಗಾಗಿ ಗೆಳೆಯರೇ, ರಜೆಯನ್ನೆಲ್ಲ ಜಾತ್ರೆ, ಮದುವೆಗೇ ಮುಗಿಸುವುದು ಬೇಡ. ಮುಂದಿನ ಮಿರಗಕ್ಕೆ ನಾಲ್ಕು ದಿನ ಉಳಿಸಿಕೊಳ್ಳೋಣ. ಕಟ್ಟೆಯವರ ಎರಡನೇ ಪ್ರಶ್ನೆಗೆ ಒಮ್ಮೆಯಾದರೂ ‘ಬಿತ್ತಿಗಿ ಮುಗದ ಮ್ಯಾಲ’ ಎಂದು ಉತ್ತರ ಕೊಡೋಣ.