ಜೂನ್ 22ಕ್ಕೆ ಮಾರ್ಕ್ಸ್ ಇಲ್ಲ

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ‘ಫನ್ ಫ್ರೈಡೇ’ ಕ್ವಿಜ್ ಇತ್ತು. ಪಿಜ್ಜಾ ಆಸೆಗೆ ನಾನೂ ಹೋಗಿ ಕೂತೆ. ಪ್ರಶ್ನೆ ಬಂತು: ಎರಡನೇ ಮಹಾಯುದ್ಧದ ದಿಕ್ಕು ಬದಲಿಸಿದ, 1944ರ ಜೂನ್ ತಿಂಗಳಿನ ದಿನ ಯಾವುದು? ನಾನು ‘ಜೂನ್ 22’ ಅಂದೆ. ತಪ್ಪಂತೆ. ಸರಿ ಉತ್ತರ ಜೂನ್ 6, ನಾರ್ಮಂಡಿ, ಡಿ-ಡೇ. ಪಕ್ಕದ ಟೀಮಿನ ಹುಡುಗ ‘ಬ್ರೋ, ಸೇವಿಂಗ್ ಪ್ರೈವೇಟ್ ರಯಾನ್ ನೋಡಿಲ್ವಾ?’ ಅಂತ ನಕ್ಕ. ನೋಡಿದ್ದೀನಿ ಮಾರಾಯ, ಮೂರು ಸಲ ನೋಡಿದ್ದೀನಿ. ತೊಂದರೆ ಇರೋದೇ ಅಲ್ಲಿ. ನಮ್ಮ ಪೀಳಿಗೆಗೆ ಮಹಾಯುದ್ಧ ಅಂದರೆ ಟಾಮ್ ಹ್ಯಾಂಕ್ಸ್ ಇಳಿದ ಒಂದು ಬೀಚು, ಅದರ ಮೇಲೊಂದಿಷ್ಟು ಕಾಲ್ ಆಫ್ ಡ್ಯೂಟಿ. ಅಷ್ಟೇ.

ಜೂನ್ 6 ಸಣ್ಣ ದಿನ ಅಂತ ನಾನು ಹೇಳ್ತಿಲ್ಲ. ಒಂದೇ ದಿನದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಸಮುದ್ರದ ಮೇಲಿಂದ, ಆಕಾಶದಿಂದ ಶತ್ರುವಿನ ದಡಕ್ಕೆ ಇಳಿಸೋದು ತಮಾಷೆಯಲ್ಲ. ಆದರೆ ಹದಿನಾರು ದಿನ ಮುಂದೆ ಬನ್ನಿ. 1944ರ ಜೂನ್ 22, ಗುರುವಾರ.

ಆ ದಿನ ನಾರ್ಮಂಡಿಯಲ್ಲಿ ಮೂರು ದಿನದ ಬಿರುಗಾಳಿ ಆಗಷ್ಟೇ ತಣ್ಣಗಾಗ್ತಿದೆ. ಅಮೆರಿಕನ್ನರು ಒಮಾಹಾ ಬೀಚಿನಲ್ಲಿ ಜೋಡಿಸಿದ್ದ ಕೃತಕ ಬಂದರು ಆ ಗಾಳಿಗೆ ಚಿಂದಿಯಾಗಿದೆ. ನಿಜವಾದ ಬಂದರೊಂದು ಬೇಕು ಅಂತ ಶೆರ್ಬೂರ್ಗ್ ಮೇಲೆ ದಾಳಿ ಶುರುವಾಗಿದ್ದು ಅದೇ ದಿನ. ಇಟಲಿಯಲ್ಲಿ ಟ್ರಾಸಿಮೆನೊ ಸರೋವರದ ಆಸುಪಾಸಿನಲ್ಲಿ ಜರ್ಮನ್ನರು ತಿರುಗಿ ನಿಂತಿದ್ದಾರೆ. ಆ ರಣರಂಗದಲ್ಲಿ ನಮ್ಮ ಡಿವಿಜನ್ನುಗಳೂ ಇವೆ. ಪೆಸಿಫಿಕ್‌ನ ಸೈಪಾನ್ ದ್ವೀಪದಲ್ಲಿ ಅಮೆರಿಕನ್ನರು ಇಳಿದು ಒಂದು ವಾರ ಆಗಿದೆ, ಯುದ್ಧ ಮುಗಿಯೋ ಲಕ್ಷಣ ಇಲ್ಲ. ಇನ್ನು ಬೆಲಾರೂಸ್‌ನಲ್ಲಿ, ಹಿಟ್ಲರ್ ರಷ್ಯಾ ಮೇಲೆ ಏರಿಹೋಗಿ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಸೋವಿಯತ್ ಸೈನ್ಯ ‘ಬಗ್ರಾತಿಯೋನ್’ ಕಾರ್ಯಾಚರಣೆಯ ಮೊದಲ ಹೆಜ್ಜೆ ಇಡ್ತಿದೆ. ಮಾರನೇ ದಿನ ಮುಖ್ಯ ದಾಳಿ. 16 ಲಕ್ಷಕ್ಕೂ ಹೆಚ್ಚು ಜನ. ಜರ್ಮನ್ನರು ದಾಳಿ ಉಕ್ರೇನ್ ಕಡೆಯಿಂದ ಬರುತ್ತೆ ಅಂತ ನಂಬಿ ಟ್ಯಾಂಕುಗಳನ್ನೆಲ್ಲ ಆ ಕಡೆ ಇಟ್ಟು ಕೂತಿದ್ದರು. ಜುಲೈ 3ಕ್ಕೆ ಮಿನ್ಸ್ಕ್ ಬಿತ್ತು. ಜರ್ಮನಿಯ ಸೈನ್ಯ ಅಷ್ಟು ದೊಡ್ಡ ಸೋಲನ್ನು ಅದುವರೆಗೆ ಕಂಡೇ ಇರಲಿಲ್ಲ. ಇದರ ಮೇಲೆ ಹಾಲಿವುಡ್ ಸಿನಿಮಾ ಇಲ್ಲ, ಹಾಗಾಗಿ ನಮಗೆ ಗೊತ್ತೂ ಇಲ್ಲ.

ಇದೆಲ್ಲ ದೂರದ ಮಾತು, ಬಿಡಿ. ಅದೇ ಜೂನ್ 22ರ ಬೆಳಗ್ಗೆ ದಿಮಾಪುರ–ಇಂಫಾಲ್ ರಸ್ತೆಯ 109ನೇ ಮೈಲಿಗಲ್ಲಿನ ಹತ್ತಿರ ಕೊಹಿಮಾ ಕಡೆಯಿಂದ ಬಂದ ಬ್ರಿಟಿಷರ 2ನೇ ಡಿವಿಜನ್ನೂ, ಇಂಫಾಲ್ ಕಡೆಯಿಂದ ಬಂದ 5ನೇ ಇಂಡಿಯನ್ ಡಿವಿಜನ್ನೂ ಸಂಧಿಸಿದವು. ಮಾರ್ಚ್ ಕೊನೆಯಿಂದ ಕತ್ತರಿಸಿಹೋಗಿದ್ದ ರಸ್ತೆ ತೆರೀತು. ಅಲ್ಲೀವರೆಗೆ ಇಂಫಾಲ್‌ನಲ್ಲಿದ್ದ ಸೈನ್ಯ ವಿಮಾನದಲ್ಲಿ ಬರೋ ಅಕ್ಕಿ, ಗುಂಡು, ಔಷಧಿ ಮೇಲೆ ಬದುಕಿತ್ತು. ಜಪಾನಿನ ಸೈನ್ಯ ಭಾರತದ ಒಳಕ್ಕೆ ಬರೋ ಆಸೆ ಅವತ್ತಿಗೆ ಮುಗಿದುಹೋಯ್ತು. ಇದು ನಮ್ಮ ನೆಲದಲ್ಲಿ ನಡೆದದ್ದು ಸ್ವಾಮಿ. ಕ್ವಿಜ್ ಮಾಸ್ಟರ್‌ಗೆ ಗೊತ್ತಿಲ್ಲ, ಹೋಗಲಿ. ನನ್ನ ಹತ್ತನೇ ಕ್ಲಾಸಿನ ಪಾಠದಲ್ಲೂ ಹಿರೋಷಿಮಾ ಓದಿದ ನೆನಪಿದೆ, ಕೊಹಿಮಾ ಓದಿದ ನೆನಪಿಲ್ಲ.

ಈ ಯುದ್ಧದಲ್ಲಿ ನನ್ನನ್ನು ಹಿಡಿದುಹಾಕಿದ್ದು ದನಗಳ ಕಥೆ. ಜಪಾನಿನ ಜನರಲ್ ಮುತಾಗುಚಿ ಸುಮಾರು ಮೂರು ವಾರದ ಊಟ ಕಟ್ಟಿಕೊಟ್ಟು ಸೈನ್ಯ ಕಳಿಸಿದ. ಸಾಮಾನು ಹೊರೋಕೆ, ಆಮೇಲೆ ಕಡಿದು ತಿನ್ನೋಕೆ ಅಂತ ದನ, ಮೇಕೆ ಹೊಡಕೊಂಡು ಹೋಗಿ ಅಂದ. ಚೆಂಗೀಸ್ ಖಾನ್ ಹೀಗೇ ಮಾಡ್ತಿದ್ದನಂತೆ. ಚಿಂದ್ವಿನ್ ನದಿ ದಾಟೋವಾಗ ಎಷ್ಟೋ ದನ ಕೊಚ್ಚಿಹೋದವು, ಉಳಿದವು ಬೆಟ್ಟ ಹತ್ತಲಾರದೆ ಬಿದ್ದವು. ದನ ಕಾಯ್ದ ಯಾವ ಹುಡುಗನ್ನ ಕೇಳಿದ್ರೂ ಹೇಳ್ತಿದ್ದ: ಬಯಲಿನ ದನ ಕಡಿದಾದ ಗುಡ್ಡದಲ್ಲಿ ಎರಡು ದಿನ ನಡೆಯಲ್ಲ, ಹೊರೆ ಹಾಕಿದ್ರಂತೂ ಮಂಡಿಯೂರಿ ಮಲಗಿಬಿಡುತ್ತೆ, ಬಾಲ ತಿರುಚಿದ್ರೂ ಏಳಲ್ಲ. ಮುತಾಗುಚಿ ಪವರ್‌ಪಾಯಿಂಟ್ ನೋಡಿ ಪ್ಲಾನ್ ಮಾಡೋ ಮ್ಯಾನೇಜರ್ ಥರ. ಕೊಹಿಮಾದಲ್ಲಿದ್ದ ಅವನ ಕೈಕೆಳಗಿನ ಜನರಲ್ ಸಾತೋ, ಊಟ ಇಲ್ಲ ಗುಂಡಿಲ್ಲ ಅಂತ ಅಪ್ಪಣೆ ಮೀರಿ ಮೇ ಕೊನೆಗೆ ಸೈನ್ಯ ಹಿಂದಕ್ಕೆ ಕರೆಸಿಕೊಂಡ. ಮಳೆ ಹಿಡೀತು. ವಾಪಸ್ ಹೋಗೋ ದಾರಿಯಲ್ಲಿ ಆ ಹುಡುಗರು ಗುಂಡಿಗಿಂತ ಹೆಚ್ಚು ಹಸಿವಿಗೆ, ಮಲೇರಿಯಾಕ್ಕೆ, ಭೇದಿಗೆ ಸತ್ತರು.

ಇಷ್ಟು ಹೇಳಿದ್ರೆ ಲಂಚ್ ಟೇಬಲ್‌ನಲ್ಲಿ ಎರಡು ಥರದ ಉತ್ತರ ಬರುತ್ತೆ. ಒಬ್ಬ ಅಂತಾನೆ: ಅದು ಬ್ರಿಟಿಷರ ಯುದ್ಧ, ಅವರ ಪರ ಹೊಡೆದಾಡಿದವರು ಬಾಡಿಗೆ ಜನ, ನೆನೆಸಿಕೊಳ್ಳೋದು ಬೋಸರ ಐಎನ್ಎಯನ್ನು ಮಾತ್ರ. ಇನ್ನೊಬ್ಬ ಅಂತಾನೆ: ಐಎನ್ಎ ಜಪಾನಿನ ಬಾಲ, ಬಿಡು. ಇಬ್ಬರದ್ದೂ ವಾಟ್ಸಾಪ್ ಇತಿಹಾಸ. ಇಂಫಾಲ್ ಸುತ್ತ ಎರಡೂ ಕಡೆ ಭಾರತೀಯರಿದ್ದರು. ಸ್ಲಿಮ್ ಅವರ 14ನೇ ಸೈನ್ಯದಲ್ಲಿ ಹೆಚ್ಚಿನವರು ನಮ್ಮವರೇ. ಎದುರಿಗೆ ಪಲೇಲ್ ಕಡೆ ಐಎನ್ಎ ಹುಡುಗರು ಅದೇ ಮಳೆಯಲ್ಲಿ, ಅದೇ ಜಿಗಣೆಗಳ ನಡುವೆ, ಇವರಿಗಿಂತ ಹೆಚ್ಚು ಹಸಿದು ನಿಂತಿದ್ದರು. ಆ ಯುದ್ಧದಲ್ಲಿ ಸೈನ್ಯಕ್ಕೆ ಸೇರಿದ 25 ಲಕ್ಷ ಭಾರತೀಯರು ಚರ್ಚಿಲ್ ಮೇಲಿನ ಪ್ರೀತಿಗೆ ಸೇರಿದ್ದಾ? ಸಂಬಳಕ್ಕೆ ಸೇರಿದ್ದು. ನಾನು ಇಂಜಿನಿಯರಿಂಗ್ ಮಾಡಿ ಅಮೆರಿಕದ ಕ್ಲೈಂಟಿಗೆ ರಾತ್ರಿಯೆಲ್ಲ ಕೋಡ್ ಬರೆಯೋದೂ ಸಂಬಳಕ್ಕೇ. ಡಾಲರ್ ಬಿಲ್ಲಿಂಗ್ ಮಾಡಿಕೊಂಡು ಸಿಪಾಯಿಯನ್ನ ‘ಬಾಡಿಗೆಯವನು’ ಅನ್ನೋಕೆ ನಮಗೆ ನಾಲಗೆಯಾದ್ರೂ ಹೇಗೆ ಹೊರಳುತ್ತೆ?

ಇವರಿಬ್ಬರ ಜಗಳದಲ್ಲಿ ಕಳೆದುಹೋಗೋರು ನಾಗಾ, ಮಣಿಪುರಿ ಜನ. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಈಚೆ ಒಂದು ಸೈನ್ಯ, ಆಚೆ ಒಂದು ಸೈನ್ಯ ನಿಂತು ಹೊಡೆದಾಡಿದ್ದನ್ನು ಇಂಗ್ಲಿಷ್ ಪುಸ್ತಕಗಳು ಚಪ್ಪರಿಸಿ ಹೇಳುತ್ತವೆ. ಸುಟ್ಟ ಊರು ಯಾರದ್ದು, ಹಾಳಾದ ಗದ್ದೆ ಯಾರದ್ದು ಅಂತ ಯಾವ ಕ್ವಿಜ್‌ನಲ್ಲೂ ಕೇಳಲ್ಲ.

ನಮ್ಮ ಬೆಂಗಳೂರಿಗೆ ಸಂಬಂಧ ಇಲ್ಲ ಅಂತೀರಾ? ಔಟರ್ ರಿಂಗ್ ರೋಡಿನಲ್ಲಿ ಬೆಳ್ಳಂದೂರು ಕೆರೆಯ ನೊರೆ ಮೇಲೆ ಮೀಮ್ ಮಾಡೋರೇ ಕೇಳಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಶುರುಮಾಡಿದ ಎಚ್‌ಎಎಲ್, 1943ರ ಹೊತ್ತಿಗೆ ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಗಿತ್ತು. ಕ್ಯಾಟಲಿನಾ ಅನ್ನೋ ನೀರಿನ ಮೇಲಿಳಿಯೋ ವಿಮಾನಗಳು ರಿಪೇರಿಗೆ ಬಂದು ಇಳೀತಿದ್ದದ್ದು ಅದೇ ಬೆಳ್ಳಂದೂರು ಕೆರೆಯಲ್ಲಿ. ಹಲಸೂರು ಕೆರೆ ದಂಡೆಯ ಮದ್ರಾಸ್ ಸ್ಯಾಪರ್ಸ್ ಪಡೆಯವರು ಬರ್ಮಾ ರಣರಂಗದಲ್ಲಿ ರಸ್ತೆ, ಸೇತುವೆ ಮಾಡಿಕೊಟ್ಟವರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೊಡಕ್ಷನ್ ಸಪೋರ್ಟ್ ಟೀಮು. ರಿಲೀಸ್ ಪಾರ್ಟಿಗೆ ಕರೆಯೋದು ಮರೆತುಹೋಗೋ ಜನ.

ನಮ್ಮೂರಲ್ಲಿ ಅಂಥವರೊಬ್ಬರಿದ್ದರು. ಊರೆಲ್ಲ ಬರ್ಮಾ ತಾತ ಅಂತ ಕರೀತಿತ್ತು. ಜೂನ್ ಮಳೆ ಹಿಡಿದರೆ ಜಗಲಿ ಮೇಲೆ ಕೂತು, ಹೋಗೋ ಬರೋರಿಗೆಲ್ಲ ‘ಕಾಲು ಒಣಗಿಸ್ಕೊಳ್ರೋ, ಕೊಳೀತಾವೆ’ ಅಂತ ಕೂಗೋರು. ನಾವು ಹುಡುಗರು ಬೇಕಂತಲೇ ಕೆಸರಲ್ಲಿ ಕುಣಿದು ಅವರ ಮುಂದೆ ಕಾಲು ತೋರಿಸಿ ಓಡಿಹೋಗ್ತಿದ್ವಿ. ಒಂದ್ಸಲ ‘ತಾತ, ಜಪಾನಿನವರನ್ನ ಎಷ್ಟು ಜನಾನ ಕೊಂದ್ರಿ?’ ಅಂತ ಕೇಳಿದ್ದೆ. ‘ನಾನು ಸೇತುವೆ ಕಟ್ಟೋನು ಮಗಾ’ ಅಂದ್ರು. ನನಗೆ ನಿರಾಸೆ ಆಯ್ತು, ಎದ್ದು ಆಡೋಕೆ ಹೋದೆ. ಯಾವ ಹೊಳೆ, ಎಂಥ ಸೇತುವೆ, ಯಾರ್ಯಾರು ಜೊತೆಗಿದ್ರು, ಒಂದನ್ನೂ ಕೇಳಲಿಲ್ಲ. ನಾನು ಬಿಇ ಸೇರಿದ ವರ್ಷ ತಾತ ಹೋದರು.

ಮುಂದಿನ ಕ್ವಿಜ್‌ಗೆ ಪ್ರಶ್ನೆ ತಯಾರು ಮಾಡೋ ಕೆಲಸ ನಾನೇ ಕೇಳಿ ತಗೊಂಡಿದ್ದೀನಿ. ಪಿಜ್ಜಾ ನೀವೇ ತಿನ್ನಿ.