ಬೈಕು ಬಿದ್ದಾಗ ಹೀರೋ ಯಾರು?

ಇಂಟರ್‌ವಲ್ ಹರಟೆ



ಯಾವುದಾದರೂ ಒಂದು ಫೈಟಿಂಗ್ ಸೀನು ನೆನಪಿಸಿಕೊಳ್ಳಿ. ಖಳನಾಯಕನ ಕಡೆಯ ದಾಂಡಿಗ ಹೀರೋ ಕೈಲಿ ಒಂದೇಟು ತಿಂದು ಹಾರಿ ಬೀಳ್ತಾನೆ. ಎಲ್ಲಿ? ರಸ್ತೆ ಪಕ್ಕ ಸಾಲಾಗಿ ನಿಲ್ಲಿಸಿದ ಮೋಟಾರ್‌ಸೈಕಲ್‌ಗಳ ಮೇಲೆ! ಮೊದಲನೆಯದು ಎರಡನೆಯದಕ್ಕೆ ತಾಗಿ, ಎರಡನೆಯದು ಮೂರನೆಯದಕ್ಕೆ ತಾಗಿ, ಧಡ್ ಧಡ್ ಧಡ್... ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಮುಂದಿನ ಸೀನಿನಲ್ಲಿ ಹೀರೋ ಹೀರೋಯಿನ್ ಜೊತೆ ಡ್ಯೂಯೆಟ್ ಹಾಡ್ತಿರ್ತಾನೆ. ಆ ಬೈಕುಗಳ ಮಾಲೀಕರ ಗತಿ ಏನಾಯ್ತು ಸ್ವಾಮೀ? ಕೇಳಬೇಡಿ!

ವಾಹನ ಕದಿಯುವವರ ಕತೆಯನ್ನು ಶಂಕರ್‌ನಾಗ್ 1980ರಲ್ಲೇ 'ಮಿಂಚಿನ ಓಟ'ದಲ್ಲಿ ತೋರಿಸಿಬಿಟ್ಟರು. ನಿಲ್ಲಿಸಿದ ಗಾಡಿಯನ್ನು ಕೈತಪ್ಪಿ ಬೀಳಿಸಿದವನ ಕತೆಯನ್ನು ಮಾತ್ರ ನಾನಂತೂ ತೆರೆಯ ಮೇಲೆ ನೋಡಿಲ್ಲ. ಈ ವಾರ ಅದನ್ನೇ ಮಾತಾಡೋಣ.

ಲೊಕೇಶನ್ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ನಂದಿ ಬೆಟ್ಟವೇ ಸಾಕು. 1,478 ಮೀಟರ್ ಎತ್ತರ, ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ಸೂರ್ಯ ಹುಟ್ಟೋದನ್ನು ನೋಡಬೇಕು ಅಂತ ಕತ್ತಲಲ್ಲೇ ಗಾಡಿ ಹತ್ತಿದ ಹುಡುಗರು ನೂರಾರು. ಕೆಎ-40 ಚಿಕ್ಕಬಳ್ಳಾಪುರದ್ದು, ಕೆಎ-67 ಚಿಂತಾಮಣಿಯದ್ದು, ಇನ್ನು ಬೆಂಗಳೂರಿನ ನಂಬರುಗಳಂತೂ ಲೆಕ್ಕವೇ ಇಲ್ಲ. ಬೆಟ್ಟದ ಮೇಲಿರಲಿ, ಕೆಳಗೆ ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಇರಲಿ, ದಾರಿಯ ಟೀ ಅಂಗಡಿ ಮುಂದಿರಲಿ, ಹ್ಯಾಂಡಲ್‌ಗೆ ಹ್ಯಾಂಡಲ್ ತಾಗೋ ಹಾಗೆ ನಿಲ್ಲಿಸಿರ್ತಾರೆ. ಮಂಜಿಗೆ ಸೀಟೆಲ್ಲ ಒದ್ದೆ, ನೆಲ ಇಳಿಜಾರು. ಅದರಲ್ಲಿ ಒಬ್ಬ ತನ್ನ ಗಾಡಿ ಹಿಂದಕ್ಕೆ ಎಳೀತಾನೆ. ಇನ್ನೊಬ್ಬ, ಕೇಳಿ, ಯಾರದೋ ಬುಲೆಟ್ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ತಾನೆ! ಕಾಲರ್ ಎತ್ತಿ, ಕೂಲಿಂಗ್ ಗ್ಲಾಸ್ ಹಾಕಿ, ಹೀರೋ ಪೋಸು. ಇಳಿಯುವಾಗ ಕಾಲು ಸಿಕ್ಕಿಕೊಳ್ಳುತ್ತೆ. ಧಡ್!

ಈಗ ಸುತ್ತ ನೋಡ್ತಾನೆ. ಮಾಲೀಕ ಇಲ್ಲ. ಸ್ನೇಹಿತರು "ಎತ್ತಿ ನಿಲ್ಸು ಗುರೂ, ಯಾರೂ ನೋಡಿಲ್ಲ" ಅಂತಾರೆ. ಎತ್ತಿ ನಿಲ್ಲಿಸ್ತಾನೆ, ಮಿರರ್ ನೇರ ಮಾಡ್ತಾನೆ, ಕರ್ಚೀಫಿನಲ್ಲಿ ಮಣ್ಣು ಒರೆಸ್ತಾನೆ, ಮಾಯವಾಗ್ತಾನೆ. ಪಾಪ, ಒಳ್ಳೇ ಹುಡುಗ, ಎತ್ತಿಯಾದರೂ ನಿಲ್ಲಿಸಿದ ಅಂತೀರಾ?

ಅಲ್ಲೇ ಇರೋದು ಮಿತ್ರರೇ ವಿಷ. ಬೀಳಿಸಿದ್ದು ಆಕಸ್ಮಿಕ. ಎತ್ತಿ ನಿಲ್ಲಿಸಿ ಹೇಳದೆ ಹೋದದ್ದು ಆಕಸ್ಮಿಕ ಅಲ್ಲ. ಬಿದ್ದೇ ಇದ್ದರೆ ಮಾಲೀಕ ಬಂದು ನೋಡುತ್ತಿದ್ದ, ಬೈಯುತ್ತಿದ್ದ, ಲಿವರ್ ಮುಟ್ಟಿ ನೋಡಿ ಇಳಿಯುತ್ತಿದ್ದ. ಈಗ ಅವನಿಗೆ ಏನೂ ಗೊತ್ತಿಲ್ಲ. ಹಿಂದೆ ತಂಗಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ತಿರುವಿನ ಮೇಲೆ ತಿರುವು ಇಳಿಯುತ್ತಾನೆ.

ಬೈಕು ಯಾವ ಕಡೆಗೆ ಬಿತ್ತು ಅನ್ನೋದೇ ಇಲ್ಲಿ ಮುಖ್ಯ. ಸೈಡ್ ಸ್ಟ್ಯಾಂಡ್ ಇರೋದು ಎಡಗಡೆ. ಸ್ಟ್ಯಾಂಡು ಮಣ್ಣಲ್ಲಿ ಹೂತು ಹೋದರೆ, ಅಥವಾ ಗಾಡಿ ಮುಂದಕ್ಕೆ ಜರುಗಿ ಸ್ಟ್ಯಾಂಡು ಮಡಚಿಕೊಂಡರೆ ಬೈಕು ಎಡಕ್ಕೆ ಬೀಳುತ್ತೆ. ಆಗ ಪೆಟ್ಟು ಕ್ಲಚ್ ಲಿವರಿಗೆ, ಗೇರಿಗೆ, ಎಡಗಡೆ ಮಿರರಿಗೆ, ಇಂಡಿಕೇಟರಿಗೆ. ದುಡ್ಡು ಹೋಗುತ್ತೆ, ಜೀವ ಸಾಮಾನ್ಯವಾಗಿ ಉಳಿಯುತ್ತೆ. ಆದರೆ ಎಡಗಡೆಯಿಂದ ಯಾರಾದರೂ ತಳ್ಳಿದರೆ ಬೈಕು ಬಲಕ್ಕೆ ಉರುಳುತ್ತೆ. ಬಲಗಡೆ ಏನೇನಿದೆ ನೋಡಿ: ಮುಂದಿನ ಬ್ರೇಕಿನ ಲಿವರ್, ಕಾಲಿನ ಬ್ರೇಕ್ ಪೆಡಲ್, ಆಕ್ಸಿಲರೇಟರ್. ನಿಮ್ಮನ್ನು ನಿಲ್ಲಿಸೋದು, ಓಡಿಸೋದು ಎಲ್ಲಾ ಅಲ್ಲೇ! (ಹಳೇ ಬುಲೆಟ್‌ಗಳಲ್ಲಿ ಮಾತ್ರ ಗೇರು ಬಲಕ್ಕೆ, ಕಾಲಿನ ಬ್ರೇಕು ಎಡಕ್ಕೆ. ತಾತನ ಕಾಲದ ಗಾಡಿ ಇಟ್ಟುಕೊಂಡವರು ಉಲ್ಟಾ ಓದಿಕೊಳ್ಳಿ.)

ಲಿವರ್ ಎರಕದ ಲೋಹದ್ದು. ಸೊಟ್ಟಗಾದದ್ದನ್ನು ಕೈಯಲ್ಲಿ ಬಗ್ಗಿಸಿ ನೇರ ಮಾಡಿದರೆ ನೋಡೋಕೆ ಸರಿಹೋಯ್ತು, ಒಳಗೆ ಬಿರುಕು ಉಳಿದಿರಬಹುದು. ನಿಂತಲ್ಲಿ ಒತ್ತಿದರೆ ಬ್ರೇಕು ಹಿಡಿಯುತ್ತೆ. ಇಳಿಜಾರಿನಲ್ಲಿ ಎದುರಿಗೆ ಬಸ್ಸು ಬಂದಾಗ ಜೀವ ಬಿಟ್ಟು ಒತ್ತಿದರೆ ಪಟ್ ಅಂತ ಕೈಗೇ ಬರಬಹುದು. ಆಕ್ಸಿಲರೇಟರ್ ಹಿಡಿ ಒಳಕ್ಕೆ ಒತ್ತಿಕೊಂಡಿದ್ದರೆ ತಿರುಗಿಸಿದ್ದು ವಾಪಸ್ ಬರೋದೇ ಇಲ್ಲ. ಸಿನಿಮಾದಲ್ಲಾದರೆ ಡ್ಯೂಪು ಇರ್ತಾನೆ. ನಂದಿಯ ತಿರುವಿನಲ್ಲಿ ಯಾರಿರ್ತಾರೆ?

ಹಾಗಾದರೆ ನಿಮ್ಮ ಕೈಲಿ ಇನ್ನೊಬ್ಬರ ಗಾಡಿ ಬಿದ್ದರೆ ಏನು ಮಾಡಬೇಕು? ಮೊದಲು ಸಿಗರೇಟು ಆರಿಸಿ, ಪೆಟ್ರೋಲ್ ಸೋರಿರುತ್ತೆ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಗೆ ಎಳೆದುಬಿಡಿ. ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆಗೂ ಉರುಳಿ ಎರಡೂ ಕಡೆ ಪೆಟ್ಟು! ಆಮೇಲೆ ಅಲ್ಲೇ ನಿಲ್ಲಿ. ಮಾಲೀಕ ಬರಲಿ. ಕಾಯೋಕೆ ಆಗೋದೇ ಇಲ್ಲ ಅಂದರೆ ಒಂದು ಚೀಟಿ ಬರೆದು ಮೀಟರಿಗೆ ಸಿಕ್ಕಿಸಿ, ಪಕ್ಕದ ಅಂಗಡಿಯವರಿಗೂ ಹೇಳಿ. ಚೀಟಿಯಲ್ಲಿ ಕಾವ್ಯ ಬೇಡ. ಇಷ್ಟು ಸಾಕು:

"ಅಣ್ಣಾ, ನನ್ನ ಗಾಡಿ ತೆಗೆಯುವಾಗ ನಿಮ್ಮ ಗಾಡಿ ಬಲಗಡೆಗೆ ಬಿತ್ತು. ಬ್ರೇಕು, ಆಕ್ಸಿಲರೇಟರ್ ನೋಡಿಕೊಂಡೇ ಓಡಿಸಿ. ಖರ್ಚು ನಾನು ಕೊಡ್ತೀನಿ." ಕೆಳಗೆ ನಿಮ್ಮ ಹೆಸರು, ಫೋನು, ಗಾಡಿ ನಂಬರು.

'ಬಲಗಡೆಗೆ' ಅನ್ನೋ ಆ ಒಂದು ಮಾತು ಇದೆಯಲ್ಲ, ಅದು ಒಂದು ಪ್ರಾಣ ಉಳಿಸಬಹುದು. ನೂರು ಜನರನ್ನು ಹೊಡೆದು ಹಾಕೋ ಹೀರೋಗಿಂತ ಈ ಚೀಟಿ ಬರೆದವನು ದೊಡ್ಡ ಹೀರೋ ಅಂತ ನನ್ನ ಲೆಕ್ಕ. ಏನಂತೀರಾ?

ಈಗ ಕ್ಯಾಮೆರಾ ಮಾಲೀಕನ ಕಡೆ ತಿರುಗಲಿ. ನಿಮ್ಮ ಗಾಡಿ ಬಿದ್ದಿದೆ, ಬೀಳಿಸಿದ ಹುಡುಗ ತಲೆ ತಗ್ಗಿಸಿ ನಿಂತಿದ್ದಾನೆ. ನಮ್ಮ ಚಿಂತಾಮಣಿ ಕಡೆ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಜೋರಾಗುತ್ತೆ! ಆಗಲಿ, ನಾಲ್ಕು ಮಾತು ಬೈದುಕೊಳ್ಳಿ. ಆದರೆ ಕಾಲರ್ ಹಿಡಿಯಬೇಡಿ, ಕೀ ಕಿತ್ತುಕೊಳ್ಳಬೇಡಿ. ಕೈ ಎತ್ತಿದ ಕ್ಷಣದಿಂದ ನ್ಯಾಯ ಆ ಕಡೆಗೆ ಹೋಯಿತು. ಅವನು ಕೊಡಬೇಕಾದ್ದು ಒಂದು ಲಿವರಿನ ಬೆಲೆ, ನೀವು ಅಲೆಯೋದು ಸ್ಟೇಷನ್ನು ಕೋರ್ಟು. ಓಡಿಹೋಗದೆ ನಿಂತವನಿಗೇ ಒದೆ ಬಿದ್ದರೆ, ನಾಳೆ ಯಾರು ತಾನೇ ನಿಲ್ತಾರೆ?

ಫೋಟೋ ತೆಗೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಗಾಡಿ ಪರೀಕ್ಷೆ ಮಾಡಿ. ಎರಡೂ ಬ್ರೇಕು ಒತ್ತಿ ಬಿಟ್ಟು ನೋಡಿ, ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ವಾಪಸ್ ಬರುತ್ತಾ ನೋಡಿ, ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಪೆಟ್ರೋಲ್ ಸೋರಿಕೆ ನಿಂತ ಮೇಲೆ ಸ್ಟಾರ್ಟ್ ಮಾಡಿ, ಸಮತಟ್ಟಿನಲ್ಲಿ ನಾಲ್ಕು ಮಾರು ಓಡಿಸಿ. ಅನುಮಾನ ಇದ್ದರೆ ಇಳಿಯಬೇಡಿ, ಮೆಕ್ಯಾನಿಕ್ಕನ್ನೇ ಮೇಲಕ್ಕೆ ಕರೆಸಿ.

ದುಡ್ಡಿನ ವಿಷಯಕ್ಕೆ ಬಂದರೆ, ಇವತ್ತು ಮುರಿದದ್ದಕ್ಕೆ ಮಾತ್ರ ಕೇಳಿ. ಹೋದ ವರ್ಷ ನೆಗ್ಗಿದ ಟ್ಯಾಂಕನ್ನು ಇವತ್ತಿನ ಲೆಕ್ಕಕ್ಕೆ ಸೇರಿಸೋದು ಖಳನಾಯಕನ ಕೆಲಸ. ಕೊಟ್ಟದ್ದು, ತಗೊಂಡದ್ದು ಎರಡು ಸಾಲು ಬರೆದು, ಎರಡೂ ಗಾಡಿ ನಂಬರು ಹಾಕಿ, ಇಬ್ಬರೂ ಸಹಿ ಮಾಡಿ. ಆಮೇಲೆ ಬೇಕಾದರೆ ಒಟ್ಟಿಗೆ ಟೀ ಕುಡಿಯಿರಿ.

"ಬೀಳಿಸಿದವನು ಒಪ್ಪದಿದ್ದರೆ?" ಅಂತ ಕೇಳ್ತೀರಿ. ಕಾನೂನಿನ ಮಾತು ಚುಟುಕಾಗಿ ಹೇಳ್ತೀನಿ. ಬೇಕಂತಲೇ ಹಾಳು ಮಾಡಿದರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 324ನೇ ಕಲಂ ಇದೆ. ಕೈತಪ್ಪಿ ಬಿದ್ದದ್ದು ಆ ಕಲಮಿಗೆ ಬರೋದಿಲ್ಲ. ಹಾಗಂತ ಅಜಾಗರೂಕತೆಯ ನಷ್ಟ ತುಂಬಿಕೊಡೋ ಹೊಣೆ ತಪ್ಪೋದಿಲ್ಲ.

ಕಾರೋ ಇನ್ನೊಂದು ವಾಹನವೋ ಬಂದು ಗುದ್ದಿದ್ದರೆ ಕತೆ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ, ಇನ್ನೊಬ್ಬರ ಸ್ವತ್ತಿಗೆ ಹಾನಿಯಾದರೂ ಚಾಲಕ ಪೊಲೀಸರಿಗೆ ತಿಳಿಸಬೇಕು, ಹೆಚ್ಚೆಂದರೆ 24 ಗಂಟೆಯೊಳಗೆ. ವಿಮಾ ಕಂಪನಿಗೂ ತಿಳಿಸಬೇಕು. ಮನುಷ್ಯರಿಗೆ ಏಟಾದರೆ ಮಾತ್ರ ಕೇಸು ಅಂದುಕೊಂಡವರು ಗಮನಿಸಿ. ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆ ನಿಮ್ಮ ಬೈಕಿನ ನಷ್ಟಕ್ಕೂ ಬರುತ್ತೆ. ಆದ್ದರಿಂದ ಮೊದಲು ಅದರ ನಂಬರು ಬರೆದುಕೊಳ್ಳಿ, ಬೈಗುಳ ಆಮೇಲೆ!

ನಿಮ್ಮದೇ ವಿಮೆ? ಇಲ್ಲೇ ಬಹಳ ಹುಡುಗರು ಬೇಸ್ತು ಬೀಳೋದು. 2018ರ ಸೆಪ್ಟೆಂಬರಿನಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. "ಐದು ವರ್ಷ ಇನ್ಶೂರೆನ್ಸ್ ಇದೆ ಬಿಡಿ" ಅಂತ ಎದೆ ತಟ್ಟಿಕೊಳ್ತಾರೆ. ಅದು ನಿಮ್ಮಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ. ನಿಮ್ಮ ಗಾಡಿ ತಾನಾಗಿ ಬಿದ್ದರೂ, ಯಾರೋ ತಳ್ಳಿದರೂ ಅದರಿಂದ ಒಂದು ನಟ್ಟೂ ಬರೋದಿಲ್ಲ. ಅದಕ್ಕೆ ಸ್ವಂತ ಹಾನಿಯ ವಿಮೆ ಬೇರೆ ಇರಬೇಕು. ಅದು ಇದ್ದರೂ ಲೆಕ್ಕ ಹಾಕಿ ಹೆಜ್ಜೆ ಇಡಿ. ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ 20ರಿಂದ ಶುರುವಾಗಿ ಶೇಕಡಾ 50ರವರೆಗೂ ರಿಯಾಯಿತಿ ಸಿಗುತ್ತೆ. ಒಂದು ಲಿವರಿಗೆ, ಒಂದು ಮಿರರಿಗೆ ಕ್ಲೇಮು ಮಾಡಿದರೆ ಆ ರಿಯಾಯಿತಿ ಹೋಯಿತು. ಮೇಲಾಗಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆಯನ್ನು ಸವಕಳಿ ಅಂತ ಹಿಡಿದುಕೊಳ್ತಾರೆ. ಸಣ್ಣದಕ್ಕೆ ಜೇಬು, ಟ್ಯಾಂಕು ಫೋರ್ಕು ಹೋದರೆ ವಿಮೆ. ವಿಮೆ ಕೇಳೋದಾದರೆ ರಿಪೇರಿಗೆ ಮುಂಚೆ ಕಂಪನಿಗೆ ತಿಳಿಸಿ.

ಪಾರ್ಕಿಂಗ್ ಚೀಟಿಯ ಹಿಂದೆ "ಮಾಲೀಕರೇ ಜವಾಬ್ದಾರರು" ಅಂತ ಅಚ್ಚು ಹಾಕಿರ್ತಾರಲ್ಲ, ಅದರ ಬೆಲೆ ಏನು? ದೆಹಲಿಯ ತಾಜ್ ಮಹಲ್ ಹೋಟೆಲಿನಿಂದ 1998ರಲ್ಲಿ ಒಂದು ಮಾರುತಿ ಜೆನ್ ಕಳುವಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಕೀ ತೆಗೆದುಕೊಂಡು ಗಾಡಿಯನ್ನು ತಮ್ಮ ವಶಕ್ಕೆ ಪಡೆದ ಹೋಟೆಲಿನವರು, ಬರೀ ಚೀಟಿಯ ಮಾತು ತೋರಿಸಿ ತಮ್ಮ ಅಜಾಗರೂಕತೆಯಿಂದ ಜಾರಿಕೊಳ್ಳೋ ಹಾಗಿಲ್ಲ. ಕೀ ನಿಮ್ಮ ಜೇಬಲ್ಲೇ ಇದ್ದು, ಜಾಗಕ್ಕೆ ಮಾತ್ರ ಕಾಸು ಕೊಟ್ಟಿದ್ದರೆ ವಾದ ಅಷ್ಟು ಸುಲಭವಲ್ಲ. ಆದರೂ ಚೀಟಿ ಬಿಸಾಡಬೇಡಿ. ಆ ದಿನ ಅಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಅದೇ ಸಾಕ್ಷಿ.

ಇಷ್ಟೆಲ್ಲ ತಲೆನೋವೇ ಬೇಡ ಅಂದರೆ ನಿಲ್ಲಿಸೋದನ್ನು ಕಲಿಯಿರಿ. ಇಳಿಜಾರಿನಲ್ಲಿ ಮುಂದಿನ ಚಕ್ರ ಏರಿನ ಕಡೆಗೆ ಇರಲಿ, ಫಸ್ಟ್ ಗೇರಿನಲ್ಲಿ ಬಿಡಿ. ಡಬಲ್ ಸ್ಟ್ಯಾಂಡ್ ಸಮತಟ್ಟಿಗೆ ಮಾತ್ರ. ಮಳೆ ಬಿದ್ದ ಮಣ್ಣಲ್ಲಾದರೆ ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಇಡಿ. ಪಕ್ಕದವನು ಗಾಡಿ ತೆಗೆಯುವಷ್ಟು ಜಾಗ ಬಿಡಿ. ಇನ್ನೊಬ್ಬರ ಗಾಡಿ ಮೇಲೆ ಕೂತು ಪೋಸು ಕೊಡಬೇಡಿ. ಆಸೆಯಾದರೆ ಮಾಲೀಕನನ್ನು ಕೇಳಿ. "ಕೂತ್ಕೊಳಪ್ಪ" ಅಂದರೂ ಅಂದಾನು!

ಕೊನೆಗೊಂದು ಮಾತು. ನಮಗೆ ಬೈಕು ಅಂದರೆ ಸ್ಟೈಲು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ಗೂಡಿನ ಮೂಟೆ ಹೊತ್ತು ಬರೋ ಮೊಪೆಡ್ಡು ಒಬ್ಬ ರೈತನ ತಿಂಗಳ ದುಡಿಮೆಯನ್ನೇ ತರುತ್ತೆ. ನೀವು ಅವಸರದಲ್ಲಿ ಗಾಡಿ ತೆಗೆಯುವಾಗ ಅದು ಬಿದ್ದರೆ ಗೌರಿಬಿದನೂರಿನ ಯಾವುದೋ ಹಳ್ಳಿಗೆ ಆತ ವಾಪಸ್ ಹೋಗೋದು ಹೇಗೆ? ಅದರ ಲಿವರಿಗೂ ಹೊಸ ಬುಲೆಟ್ಟಿನ ಲಿವರಿಗೂ ಒಂದೇ ಮರ್ಯಾದೆ. ಅಲ್ಲೂ ನಿಲ್ಲಬೇಕು, ಅಲ್ಲೂ ಹೇಳಬೇಕು.

'ಶೋಲೆ' (1975) ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ. ಅದರ ಹಾಡಿನಲ್ಲಿ ಬೈಕಿಂದ ಕಳಚಿಕೊಂಡ ಸೈಡ್‌ಕಾರು ತಾನೇ ಓಡಿಹೋಗಿ ಮತ್ತೆ ಬಂದು ಸೇರಿಕೊಳ್ಳುತ್ತೆ. ಸಿನಿಮಾದಲ್ಲಿ ಹಾಗೆ. ನಮ್ಮೂರಲ್ಲಿ ಕಳಚಿದ್ದು ಮತ್ತೆ ಸೇರಬೇಕಾದರೆ ಮೆಕ್ಯಾನಿಕ್ ಬೇಕು, ಬಿಲ್ಲು ಬೇಕು, "ನಾನೇ ಬೀಳಿಸಿದ್ದು ಅಣ್ಣಾ" ಅನ್ನೋ ಒಬ್ಬ ಹುಡುಗ ಬೇಕು.

ಬಸ್ಸು ಹಾರ್ನ್ ಹಾಕ್ತಿದೆ, ಹತ್ತಿ. ಮುಂದಿನ ವಾರ ಸಿಗೋಣ.